ಏಳನೇ ನಂಬರಿನ ಅಜ್ಜಯ್ಯ

ಹಿರೇಗುಂಟನೂರು
14 ಫೆಬ್ರವರಿ 2024

ಹೊಳಲ್ಕೆರೆಯ ಕಿರಾಣಿ ವರ್ತಕರಾದ ಪಂಚಾಕ್ಷರಪ್ಪನವರಿಗೆ ಹಿರೇಗುಂಟನೂರಿನ ಕುರಿ ಬೀರಪ್ಪನ ನಮಸ್ಕಾರ.

ನಲವತ್ತಾರು ವರ್ಷದ ಮೇಲೆ ನಿಮಗೆ ಕಾಗದ ಬರೆಯುತ್ತಿದ್ದೇನೆ. ಹೆಸರು ನೋಡಿದ ಕೂಡಲೇ ಹರಿದು ಹಾಕಬೇಡಿ, ಒಂದು ಸಲ ಓದಿ ಆಮೇಲೆ ಬೇಕಾದರೆ ಹರಿಯಿರಿ. ನಿಮ್ಮ ವಿಳಾಸ ಕೊಟ್ಟವನು ನಿಮ್ಮ ಅಂಗಡಿಯಿಂದ ಹಿಂಡಿ ತರುವ ನಮ್ಮೂರ ಟೆಂಪೋದವನು. ಫೋನ್ ನಂಬರನ್ನೂ ಕೊಟ್ಟಿದ್ದ. ಎರಡು ಸಲ ಒತ್ತಿದೆ, ರಿಂಗಾಗುವ ಮೊದಲೇ ಇಟ್ಟುಬಿಟ್ಟೆ. ಇದು ಬಾಯಲ್ಲಿ ಹೇಳುವ ಮಾತಲ್ಲ.

ನಿಮ್ಮ ಸಿಗರೇಟು ಚೀಟಿ ಸಿಕ್ಕಿದೆ. ಏಳನೇ ನಂಬರಿನದು, ಗೆಲಿಲಿಯೋ. ನಮ್ಮ ಮನೆಯಲ್ಲೇ ಸಿಕ್ಕಿತು.

ನಿಮ್ಮ ಮನೆಯವರು ಯಾರಾದರೂ ಓದಿದರೆ ಅವರಿಗೂ ತಿಳಿಯಲಿ ಎಂದು ಮೊದಲಿಂದ ಬರೆಯುತ್ತೇನೆ. ನಾವಿಬ್ಬರೂ ದುರ್ಗದಲ್ಲಿ ಹೈಸ್ಕೂಲು ಓದುವಾಗ ಒಂದೇ ಹಾಸ್ಟೆಲ್ಲಿನಲ್ಲಿದ್ದೆವು. ಮನಸ್ಸು ಎರಡಿರಲಿಲ್ಲ. ನಿಮ್ಮ ತಾತನವರ ಹತ್ತಿರ ಇಪ್ಪತ್ತೈದು ಚೀಟಿಗಳಿದ್ದವು. ಅವರು ಹಿರಿಯೂರಿನ ಮುಸಾಫಿರ್ ಬಂಗಲೆಗೆ ದಿನಸಿ ಹಾಕುತ್ತಿದ್ದ ಕಾಲದಲ್ಲಿ, ಅಲ್ಲಿ ಇಳಿದ ದೊರೆಗಳು ಸೇದಿ ಎಸೆದ ಪಾಕೀಟುಗಳಿಂದ ಆರಿಸಿದ್ದು. ಪಾಕೀಟಿಗೊಂದು ಚೀಟಿ. ಮುಂದೆ ಒಬ್ಬೊಬ್ಬ ವಿಜ್ಞಾನಿಯ ಬಣ್ಣದ ಚಿತ್ರ, ಹಿಂದೆ ಸಣ್ಣಕ್ಷರದ ಇಂಗ್ಲಿಷು. ಬೀಡಿ ಹೊಗೆ ಕಂಡರೆ ಮೂಗು ಮುಚ್ಚುತ್ತಿದ್ದ ಹಿರಿಯರು ಸಿಗರೇಟು ಚೀಟಿಗಳನ್ನು ಮಾತ್ರ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ನಾನು ನಿಮ್ಮ ಮನೆಗೆ ಬಂದಾಗ ಕೈ ತೊಳೆಸಿ ಮುಟ್ಟಿಸಿದ್ದು ನೆನಪಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಏಳನೆಯದು.

ನಮ್ಮ ಅಣ್ಣತಮ್ಮಂದಿರ ಹನ್ನೊಂದು ಮನೆಗೆ ಸೇರಿ ಒಂದು ದೇವರ ಪೆಟ್ಟಿಗೆ ಇದೆ. ಇರುವುದು ನಮ್ಮ ನಡುಮನೆಯಲ್ಲಿ, ಆದರೆ ಹನ್ನೊಂದು ಮನೆಯ ಹಿರಿಯರೂ ಒಪ್ಪಿ ಕೂತರೆ ಮಾತ್ರ ತೆಗೆಯುವುದು. 1978ರ ಸಂಕ್ರಾಂತಿಗೆ ತೆಗೆದು ಮೂರು ದಿನ ತೆರೆದಿಟ್ಟಾಗ ನೀವು ಬಂದು ಎರಡು ದಿನ ಇದ್ದಿರಿ. ಅದಾಗಿ ಹದಿನೈದು ದಿನಕ್ಕೆ ನಿಮ್ಮ ತಾತ ನಿಮ್ಮನ್ನು ಕರೆದುಕೊಂಡು ನಮ್ಮ ಅಂಗಳಕ್ಕೆ ಬಂದರು. ಏಳನೇ ಚೀಟಿ ಕಾಣುತ್ತಿಲ್ಲ, ಅದನ್ನು ಮುಟ್ಟಿದ ಹೊರಗಿನವನು ನಾನೊಬ್ಬನೇ ಎಂದರು. ನಾನು ಪೆಟ್ಟಿಗೆಯ ಮೇಲೆ ಕೈ ಇಟ್ಟು ಆಣೆ ಮಾಡಿದೆ. ಚೀಟಿ ನನ್ನ ಹತ್ತಿರ ಇಲ್ಲ, ನನ್ನ ಮನೆಯಲ್ಲೂ ಇಲ್ಲ ಎಂದೆ. ತಾತ ಎದ್ದು ಹೋದರು. ನೀವು ತಲೆ ತಗ್ಗಿಸಿ ಹಿಂದೆಯೇ ಹೋದಿರಿ.

ಆ ಬೇಸಿಗೆಯಲ್ಲಿ ರೋಗ ಬಂದು ನಮ್ಮ ಎಪ್ಪತ್ತು ಕುರಿ ಸತ್ತವು. ನಮ್ಮ ದೊಡ್ಡಪ್ಪ ಚಿಕ್ಕತಿಮ್ಮಪ್ಪ, "ಸುಳ್ಳಾಣೆ ಬಿದ್ದೈತೆ, ಇವರ ಜೊತೆ ನಾನು ಪೆಟ್ಟಿಗೆ ಮುಂದೆ ಕೂರಲ್ಲ" ಎಂದು ಪಟ್ಟು ಹಿಡಿದ. ಅವನು ಕೂರದೆ ಪೆಟ್ಟಿಗೆ ತೆಗೆಯುವಂತಿಲ್ಲ. ಹೀಗೇ ನಲವತ್ತಾರು ವರ್ಷ ಕಳೆಯಿತು. ಹೋದ ವರ್ಷ ದೊಡ್ಡಪ್ಪ ತೀರಿಕೊಂಡ. ಅವನ ಮಗ ಗೊಲ್ಲಪ್ಪ, "ಹಳೇದು ಸಾಕು, ತೆಗೆಯಾಣ" ಎಂದ. ಈ ತಿಂಗಳು ಐದನೇ ತಾರೀಕು ಸೋಮವಾರ ತೆಗೆದೆವು.

ಭಂಡಾರದ ಅರಿಶಿನದ ಚೀಲ, ಬೆತ್ತ, ಕರಿ ಕಂಬಳಿಯ ತುಂಡು. ಅದರ ಕೆಳಗೆ ಗೆಲಿಲಿಯೋ. ಅರಿಶಿನ ಮೆತ್ತಿಕೊಂಡು ಹಳದಿಯಾಗಿದ್ದಾನೆ. ಎಲ್ಲರೂ ಯಾವನೋ ಅಜ್ಜಯ್ಯ ಎಂದು ಕಣ್ಣಿಗೊತ್ತಿಕೊಂಡರು. ನಾನು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾಯಿ ತಡೆಯಲಿಲ್ಲ. "ಇದು ಆ ಚೀಟಿ" ಎಂದುಬಿಟ್ಟೆ.

ನಮ್ಮವ್ವ ನಿಂಗಕ್ಕನಿಗೆ ಈಗ ಎಂಬತ್ತೆಂಟು. ಮೂಲೆಯಿಂದ ಹೇಳಿದಳು: "ನಾನೇ ಇಟ್ಟೆ ಕಣಪ್ಪ. ಒಗೆಯಾಕೆ ತಗಂಡ ಬಿಳಿ ಅಂಗಿ ಜೇಬಿನಾಗಿತ್ತು. ಗಡ್ಡದ ಅಜ್ಜಯ್ಯ. ಪೆಟ್ಟಿಗೆ ತೆರೆದಿರುವಾಗ್ಲೇ ಬಂದವ್ನೆ, ಇನ್ನೆಲ್ಲಿ ಇಡಾನ?" ಆವತ್ತು ಹುಡುಕುವಾಗ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀವು ಸಿಗರೇಟು ಚೀಟಿ ಹುಡುಕ್ತಿದ್ರಿ. ನಾನು ಇಟ್ಟಿದ್ದು ಅಜ್ಜಯ್ಯನ್ನ" ಎಂದಳು. ಅವಳನ್ನು ಬೈದು ಪ್ರಯೋಜನವಿಲ್ಲ.

ಗೊಲ್ಲಪ್ಪ ಎದ್ದು ನಿಂತ. "ನಿನ್ನ ಅಂಗಿ, ನಿನ್ನ ಮನೆ, ನಿನ್ನ ಆಣೆ. ನಮ್ಮಪ್ಪ ಹೇಳಿದ್ದೇ ನಿಜ ಆತು." ಸುಳ್ಳಾಣೆ ಬಿದ್ದ ಪೆಟ್ಟಿಗೆಯನ್ನು ಹಾಗೇ ಮುಚ್ಚುವಂತಿಲ್ಲ. ಯುಗಾದಿ ಕಳೆದ ಸೋಮವಾರ ಮತ್ತೆ ಕೂರುತ್ತಾರೆ. ಅಷ್ಟರಲ್ಲಿ ಬೇರೆ ಸಾಕ್ಷಿ ಸಿಗದಿದ್ದರೆ ನಮ್ಮ ಮನೆಯನ್ನು ಪೆಟ್ಟಿಗೆಯಿಂದ ಹೊರಗಿಟ್ಟು, ಹತ್ತೇ ಮನೆ ಎಂದು ಮುಚ್ಚುತ್ತಾರೆ. ನನ್ನ ಚಿಂತೆ ನನ್ನ ಬಗ್ಗೆ ಅಲ್ಲ. ನಾಳೆ ಅವ್ವ ಹೋದರೆ ಆ ಹತ್ತು ಮನೆಯವರು ಹೆಗಲು ಕೊಡುವುದಿಲ್ಲ.

ಈಗ ಕೇಳುವ ಮಾತು ಕೇಳುತ್ತೇನೆ. ಕದ್ದದ್ದು ನನಗೆ ನೆನಪಿಲ್ಲ. ಆದರೆ ನನ್ನ ಅಂಗಿಯಲ್ಲಿ ಸಿಕ್ಕಿದೆ. ಅರವತ್ತಮೂರು ವರ್ಷದವನು, ನನ್ನ ನೆನಪನ್ನು ನಾನೇ ಎಷ್ಟು ನಂಬಲಿ? ನಾನು ಕದ್ದೆನೇ? ನಿಮಗೇನಾದರೂ ಗೊತ್ತಿದ್ದರೆ ಬರೆಯಿರಿ. ಹೌದು ಎಂದರೂ ಸರಿ, ಗೊತ್ತಾದರೆ ಸಾಕು.

ಇಂತು,
ಬೀರಪ್ಪ


ಹೊಳಲ್ಕೆರೆ
1 ಮಾರ್ಚ್ 2024

ಶ್ರೀ ಬೀರಪ್ಪನವರಿಗೆ,

ತಮ್ಮ ಪತ್ರ ತಲುಪಿತು. ಚೀಟಿ ಸಿಕ್ಕಿದ್ದು ತುಂಬಾ ಸಂತೋಷ. ದಯವಿಟ್ಟು ಅದನ್ನು ಬಿಸಿಲಿಗೆ ಇಡಬೇಡಿ. ಅರಿಶಿನವನ್ನು ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ, ಬಣ್ಣ ಕಿತ್ತು ಬರುತ್ತದೆ. ನಾಲ್ಕು ಮೂಲೆಗಳೂ ಚೂಪಾಗಿವೆಯೇ? ನಡುವೆ ಮಡಿಕೆ ಬಿದ್ದಿದೆಯೇ? ಹಿಂದಿನ ಅಕ್ಷರ ಓದಲು ಬರುತ್ತದೆಯೇ?

ತಾತನವರು ಹೋದ ಮೇಲೆ ಆಲ್ಬಂ ನನ್ನ ಕೈಗೆ ಬಂತು. ಬೇರೆ ಸರಣಿಗಳನ್ನೂ ಕೂಡಿಸಿದ್ದೇನೆ. ಹಡಗುಗಳು, ಹಕ್ಕಿಗಳು, ಸೇತುವೆಗಳು, ಎಲ್ಲಾ ಸೇರಿ ಆರುನೂರರ ಹತ್ತಿರ. ಆದರೆ ವಿಜ್ಞಾನಿಗಳ ಇಪ್ಪತ್ತೈದರಲ್ಲಿ ಇವತ್ತಿಗೂ ಒಂದು ಮನೆ ಖಾಲಿ.

ತಾವು ಕೇಳಿದ ವಿಷಯ ಬಹಳ ಹಳೆಯದು. ನನಗೂ ಸರಿಯಾಗಿ ನೆನಪಿಲ್ಲ. ಆದದ್ದು ಆಯಿತು, ಯಾರ ತಪ್ಪು ಎಂದು ಈಗ ಕೆದಕಿ ಫಲವೇನು? ನಾನು ತಮ್ಮ ಮೇಲೆ ಏನೂ ಇಟ್ಟುಕೊಂಡಿಲ್ಲ. ಚೀಟಿಯನ್ನು ಎರಡು ರಟ್ಟಿನ ನಡುವೆ ಇಟ್ಟು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದರೆ ಉಪಕಾರ.

ತಮ್ಮ ತಾಯಿಯವರಿಗೆ ನಮಸ್ಕಾರ ತಿಳಿಸಿ.

ತಮ್ಮ ವಿಶ್ವಾಸಿ,
ಪಂಚಾಕ್ಷರಪ್ಪ


ಹಿರೇಗುಂಟನೂರು
9 ಮಾರ್ಚ್ 2024

ಪಂಚಾಕ್ಷರಪ್ಪನವರೇ,

ಮೂಲೆ ಮೂರು ಚೂಪಾಗಿವೆ, ಒಂದು ಮೊಂಡು. ಮಡಿಕೆ ಇಲ್ಲ. ಅಕ್ಷರ ಓದಲು ಬರುತ್ತದೆ. ಚೀಟಿ ಕಳಿಸಲು ಆಗುವುದಿಲ್ಲ, ಪೆಟ್ಟಿಗೆಯೊಳಗೆ ಹೋದದ್ದು ಹನ್ನೊಂದು ಮನೆಗೆ ಸೇರಿದ್ದು. ನನ್ನದಾಗಿದ್ದರೆ ಇವತ್ತೇ ಕಳಿಸುತ್ತಿದ್ದೆ.

ನಾನು ಕೇಳಿದ್ದು ಒಂದು, ನೀವು ಬರೆದದ್ದು ಒಂದು. ಇರಲಿ. ಏನೂ ಇಟ್ಟುಕೊಂಡಿಲ್ಲ ಎಂದು ಬರೆದಿರಿ. ಅಂದರೆ ಕದ್ದವನನ್ನು ಕ್ಷಮಿಸಿದಿರಿ ಎಂದೇ? ಕ್ಷಮೆ ಕೇಳಿ ನಾನು ಕಾಗದ ಹಾಕಿರಲಿಲ್ಲ.

ನಿಮಗೆ ಒಂದು ಮಾತು ಗೊತ್ತಿರಲಿಕ್ಕಿಲ್ಲ. ಆಣೆಯಾದ ಮೇಲೆ ಹಾಸ್ಟೆಲ್ಲಿಗೆ ವಾಪಸ್ ಬಂದಾಗ ಹುಡುಗರು ನನ್ನನ್ನು ಕಂಡರೆ ಟ್ರಂಕಿಗೆ ಬೀಗ ಹಾಕುತ್ತಿದ್ದರು. ಎಂಟು ದಿನ ಇದ್ದು ಊರಿಗೆ ಬಂದುಬಿಟ್ಟೆ. ಹತ್ತನೇ ಕ್ಲಾಸು ಅಲ್ಲಿಗೇ ನಿಂತಿತು. ಕುರಿ ಕಾಯುವುದರಲ್ಲಿ ನನಗೆ ಬೇಸರವಿಲ್ಲ, ಅದು ನಮ್ಮ ಕುಲದ ಕೆಲಸ. ಆದರೆ ವಿಜ್ಞಾನದಲ್ಲಿ ತೊಂಬತ್ತೊಂದು ತೆಗೆದವನು ನಾನು, ಎಂಬತ್ತೆಂಟು ತೆಗೆದವರು ನೀವು. ಅದೂ ಮರೆತಿರಬಹುದು.

ಏಳನೇ ಚೀಟಿಯ ಹಿಂದೆ ಬರೆದದ್ದು ನನಗೆ ಈಗಲೂ ಬಾಯಿಪಾಠ. ಗುರು ಗ್ರಹದ ಸುತ್ತ ನಾಲ್ಕು ಚಂದ್ರರನ್ನು ಕಂಡ. ಮುದಿ ವಯಸ್ಸಿನಲ್ಲಿ ಅವನನ್ನು ಮಂಡಿಯೂರಿಸಿ, ಭೂಮಿ ತಿರುಗುವುದಿಲ್ಲ ಎಂದು ಆಣೆ ಮಾಡಿಸಿದರು. ಕಂಬಳಿಯ ಮೇಲೆ ಮಲಗಿದಾಗ ಎಷ್ಟೋ ಸಲ ಯೋಚಿಸಿದ್ದೇನೆ. ಅವನಿಗೆ ತನ್ನ ಆಣೆ ಸುಳ್ಳು ಎಂದು ಗೊತ್ತಿತ್ತು. ನನ್ನದು ಯಾವ ಆಣೆ ಎಂದು ನನಗೇ ಗೊತ್ತಿಲ್ಲದ ಹಾಗಾಯಿತು.

ಇನ್ನು ಬರೆಯುವುದಿಲ್ಲ.

ಬೀರಪ್ಪ


ಹೊಳಲ್ಕೆರೆ
18 ಮಾರ್ಚ್ 2024

ಬೀರಪ್ಪಣ್ಣನವರಿಗೆ ಬಸಮ್ಮ ಮಾಡುವ ಶರಣಾರ್ಥಿ.

ನಾನು ಪಂಚಾಕ್ಷರಪ್ಪನವರ ಮನೆಯವಳು. ನಿಮ್ಮನ್ನು ನೋಡಿಲ್ಲ, ನಿಮ್ಮ ಹೆಸರನ್ನು ಈ ಮನೆಯಲ್ಲಿ ಕೇಳಿಯೂ ಇರಲಿಲ್ಲ. ನಿಮ್ಮ ಎರಡು ಕಾಗದಗಳನ್ನೂ ಓದಿದೆ. ಕಳ್ಳತನದಿಂದ ಓದಲಿಲ್ಲ, ಅವರೇ ಹಲಗೆಯ ಮೇಲೆ ಬಿಟ್ಟು ಹೋಗಿದ್ದರು. ಓದಲಿ ಎಂದೇ ಬಿಟ್ಟರೋ ಏನೋ.

ಒಂದು ವಿಷಯ ಹೇಳಬೇಕು ಅನಿಸಿತು. ಹತ್ತು ವರ್ಷದ ಹಿಂದೆ ನಮ್ಮ ಅಳಿಯ ಮಂಜುನಾಥ ಬೆಂಗಳೂರಿನ ಹಳೇ ಸಾಮಾನಿನ ಸಂತೆಯಲ್ಲಿ ಹುಡುಕಿ ಅದೇ ಏಳನೇ ಚೀಟಿ ತಂದುಕೊಟ್ಟ. ಮಾವ ಕುಣಿದಾಡುತ್ತಾರೆ ಅಂದುಕೊಂಡಿದ್ದ ಪಾಪ. ಇವರು ನೋಡಿದರು, ಮುಖ ಸಣ್ಣದಾಯಿತು, ತಿಜೋರಿಯಲ್ಲಿ ಹಾಕಿ ಬೀಗ ತಿರುವಿದರು. ಆಲ್ಬಮ್ಮಿನ ಖಾಲಿ ಮನೆ ಖಾಲಿಯೇ ಉಳಿಯಿತು. "ಯಾಕ್ರೀ ಅಂಟಿಸಲಿಲ್ಲ?" ಅಂದರೆ, "ಅದು ಬೇರೆ, ಇದು ಬೇರೆ" ಅಂದರು. ಎರಡೂ ಒಂದೇ ಥರ ಇತ್ತಲ್ಲಪ್ಪಾ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಅರ್ಥವಾಗುತ್ತಿದೆ.

ನಿಮ್ಮ ಎರಡನೇ ಕಾಗದ ಬಂದ ಮೇಲೆ ಅವರಿಗೆ ಅನ್ನ ಸೇರುತ್ತಿಲ್ಲ. ಮೂರು ಕಾಗದ ಬರೆದು ಮೂರನ್ನೂ ಹರಿದು ಒಲೆಗೆ ಹಾಕಿದರು. ಏನು ಬರೆಯುತ್ತಾರೋ ನನಗೆ ಹೇಳಿಲ್ಲ. ನಿನ್ನೆ ತಡೆಯಲಾರದೆ ಅಂದೆ: "ಬೆಂಕಿಗೆ ಓದಿಸಿದ್ದು ಸಾಕು, ಆ ಮನುಷ್ಯನಿಗೆ ಓದಿಸ್ರಿ." ಹೊಸ ಹಾಳೆ ತೆಗೆದುಕೊಂಡು ಮಹಡಿ ಹತ್ತಿದರು.

ನೀವು ಇನ್ನು ಬರೆಯುವುದಿಲ್ಲ ಎಂದಿದ್ದೀರಿ. ಬರೆಯಬೇಡಿ. ಆದರೆ ಅವರದು ಬಂದರೆ ಓದಿ ಅಣ್ಣಾ.

ನಿಮ್ಮ ತಂಗಿಯಂಥವಳು,
ಬಸಮ್ಮ


ಹೊಳಲ್ಕೆರೆ
20 ಮಾರ್ಚ್ 2024

ಬೀರ,

ನೀನು ಕದಿಯಲಿಲ್ಲ.

ಇದೊಂದು ಸಾಲು ಬರೆಯಲು ನನಗೆ ಇಷ್ಟು ದಿನ ಬೇಕಾಯಿತು. ಇನ್ನು ಉಳಿದದ್ದನ್ನು ನಿಲ್ಲಿಸದೆ ಬರೆದುಬಿಡುತ್ತೇನೆ, ನಿಲ್ಲಿಸಿದರೆ ಇದೂ ಒಲೆಗೆ ಹೋಗುತ್ತದೆ.

ಚೀಟಿಯನ್ನು ನಿಮ್ಮೂರಿಗೆ ತಂದವನು ನಾನು. ಆ ಸಂಕ್ರಾಂತಿಗೆ ಬರುವಾಗ ತಾತ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ರೇಷ್ಮೆ ಗಂಟು ಬಿಚ್ಚಿ, ಏಳನೆಯದನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ನಿನಗೆ ಕೊಡಬೇಕು ಎಂದೇ ತಂದಿದ್ದೆ. ನೀನು ಅದನ್ನು ಹಿಡಿದು ಕೂತಿದ್ದ ರೀತಿ ನೋಡಿ ನನಗೆ ಆಸೆಯಾಗಿತ್ತು, ಇವನಿಗೆ ಕೊಟ್ಟರೆ ಎಷ್ಟು ಖುಷಿ ಪಡುತ್ತಾನೆ ಎಂದು. ಆದರೆ ಬಂದ ಮೇಲೆ ಕೈ ಬರಲಿಲ್ಲ. ನಾಳೆ ಕೊಡೋಣ, ಹೋಗುವಾಗ ಕೊಡೋಣ ಎಂದು ಜೇಬಿನಲ್ಲೇ ಇಟ್ಟುಕೊಂಡೆ. ಇಷ್ಟು ದಿನ ಕಿರಾಣಿ ಅಂಗಡಿ ನಡೆಸಿದೆನಲ್ಲ, ಆ ಬುದ್ಧಿ ಆಗಲೇ ಇತ್ತು.

ಎರಡನೇ ದಿನ ಕುರಿ ತೊಳೆಯುವ ಕುಂಟೆಯಲ್ಲಿ ನಾನು ಜಾರಿ ಬಿದ್ದೆನಲ್ಲ, ನೆನಪಿದೆಯಾ? ದಡಕ್ಕೆ ಬಂದಾಗ ಅಂಗಿ ಜೇಬಿನಿಂದ ಕೆಳಗೆ ಬರೀ ಕೆಸರು. ನಿಮ್ಮವ್ವ ಅಂಗಿ ಬಿಚ್ಚಿಸಿಕೊಂಡು, ನಿನ್ನ ಇನ್ನೊಂದು ಯೂನಿಫಾರಂ ಅಂಗಿ ಹಾಕಿ ನನ್ನನ್ನು ಬಸ್ಸು ಹತ್ತಿಸಿದರು. ಮನೆ ಹತ್ತಿರ ಬಂದಾಗ ಎದೆ ಮುಟ್ಟಿ ನೋಡಿಕೊಂಡೆ. ಜೇಬೇ ಬೇರೆಯವರದು. ನಿಂಗಕ್ಕನಿಗೆ ಸಿಕ್ಕಿದ್ದು ನಿನ್ನ ಅಂಗಿಯಲ್ಲಲ್ಲ, ನನ್ನ ಅಂಗಿಯಲ್ಲಿ. ಇಬ್ಬರದೂ ಒಂದೇ ಥರದ ಬಿಳಿ ಅಂಗಿ.

ಹಾಸ್ಟೆಲ್ಲಿಗೆ ನೀನು ನನ್ನ ಅಂಗಿಯನ್ನು ಮಡಿಚಿ ತಂದುಕೊಟ್ಟೆ. ಜೇಬು ಖಾಲಿ. ಒಗೆಯುವಾಗ ನೀರಿನಲ್ಲಿ ಕರಗಿಹೋಯಿತು ಅಂದುಕೊಂಡೆ. ನಿನ್ನನ್ನು ಕೇಳಿದರೆ ನಾನು ತಂದದ್ದು ಹೊರಗೆ ಬೀಳುತ್ತದೆ, ತಾತನ ಬೆತ್ತ ನಿನಗೂ ಗೊತ್ತು. ಸುಮ್ಮನಾದೆ. ತಾತ ಗಂಟು ಬಿಚ್ಚಿದ ದಿನ, "ಇದನ್ನ ಯಾರು ಮುಟ್ಟಿದ್ರು?" ಎಂದರು. "ನಾನು, ನೀವು, ಬೀರಪ್ಪ" ಎಂದೆ. ಅಷ್ಟೇ ಅಂದದ್ದು. ನೀನು ಕದ್ದೆ ಎಂದು ನನ್ನ ಬಾಯಿಂದ ಬರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಸುಳ್ಳು ಹೇಳದೆಯೂ ಎಷ್ಟು ದೊಡ್ಡ ಸುಳ್ಳು ಹೇಳಬಹುದು ನೋಡು.

ನೀನು ಪೆಟ್ಟಿಗೆ ಮೇಲೆ ಕೈ ಇಟ್ಟಾಗ ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ನಾಲ್ಕು ಏಟು ಬೀಳುತ್ತಿತ್ತು, ನೀನು ಪರೀಕ್ಷೆ ಬರೆಯುತ್ತಿದ್ದೆ. ತೊಂಬತ್ತೊಂದು, ಎಂಬತ್ತೆಂಟು ನಾನು ಮರೆತಿಲ್ಲ. ನಿನ್ನ ಕುರಿ ಸತ್ತದ್ದು, ನಿಮ್ಮ ಮನೆತನ ಒಡೆದದ್ದು ಗೊತ್ತಿರಲಿಲ್ಲ. ಗೊತ್ತಿದ್ದರೆ ಬರುತ್ತಿದ್ದೆನೇ ಎಂದು ಕೇಳಬೇಡ. ಬರುತ್ತಿದ್ದೆ ಎಂದು ಬರೆಯಲು ಧೈರ್ಯವಿಲ್ಲ.

ಮಂಜುನಾಥ ತಂದ ಚೀಟಿಯನ್ನು ಯಾಕೆ ಅಂಟಿಸಲಿಲ್ಲ ಎಂದು ಬಸಮ್ಮ ನಿನಗೆ ಬರೆದಿದ್ದಾಳಂತೆ. ಆ ಖಾಲಿ ಮನೆ ತುಂಬಿಬಿಟ್ಟರೆ ನಾನು ಮಾಡಿದ್ದು ನಡೆದೇ ಇಲ್ಲ ಅನ್ನುವ ಹಾಗೆ ಆಗುತ್ತಿತ್ತು. ಅಷ್ಟು ಮಟ್ಟಿಗಾದರೂ ನಾಚಿಕೆ ಉಳಿದಿತ್ತು.

ಸಾಕ್ಷಿ ಬೇಕು ಎಂದಿದ್ದೀಯ. ಈ ಕಾಗದವನ್ನು ಗೊಲ್ಲಪ್ಪನಿಗೆ ಓದಿಸು. ಸಾಲದು ಎಂದರೆ ನಾನೇ ಬಂದು ಪೆಟ್ಟಿಗೆಯ ಮುಂದೆ ಹೇಳುತ್ತೇನೆ. ಹೇಳು, ಬರಲಾ?

ಪಂಚಾಕ್ಷರಿ


ಹಿರೇಗುಂಟನೂರು
28 ಮಾರ್ಚ್ 2024

ಲೇ ಪಂಚಾಕ್ಷರಿ,

ನಿನ್ನ ಕಾಗದ ಬಂದಾಗ ನಾನು ಕುರಿ ರೊಪ್ಪದಲ್ಲಿದ್ದೆ. ನಿಂತುಕೊಂಡೇ ಓದಿದೆ. ಮೊದಲನೇ ಸಾಲು ಓದಿ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟೆ. ನನ್ನ ಹೆಂಡತಿ ಜಯಕ್ಕ ಯಾರೋ ಸತ್ತರು ಅಂದುಕೊಂಡು ಓಡಿ ಬಂದಳು. "ಯಾರೂ ಸತ್ತಿಲ್ಲ ಕಣೇ, ನಾನು ಕದ್ದಿಲ್ಲಂತೆ" ಎಂದೆ. ಅವಳು ಅತ್ತಳು. ಅವಳು ಅತ್ತದ್ದು ನೋಡಿದಾಗಲೇ ನನಗೆ ತಿಳಿದದ್ದು, ಅವಳಿಗೂ ಒಳಗೊಳಗೆ ಅನುಮಾನವಿತ್ತು ಎಂದು. ಇರಲಿ, ನನಗೇ ಇತ್ತಲ್ಲ.

ಆಮೇಲೆ ಸಿಟ್ಟು ಬಂತು. ಎರಡು ದಿನ ಬಂತು. ನೀನು ಎದುರಿಗಿದ್ದಿದ್ದರೆ ಗೆಳೆಯ ಎಂದೂ ನೋಡುತ್ತಿರಲಿಲ್ಲ, ಸಾಹುಕಾರ ಎಂದೂ ನೋಡುತ್ತಿರಲಿಲ್ಲ. ನಾಲ್ಕು ಏಟಿಗೆ ಹೆದರಿದೆಯಂತೆ! ನಿನ್ನ ಏಟುಗಳನ್ನು ನಲವತ್ತಾರು ವರ್ಷ ನಾನು ತಿಂದೆನಲ್ಲೋ. ದೊಡ್ಡಪ್ಪ ಸಾಯುವ ಮೊದಲು ನೋಡಲು ಹೋದರೆ ಗೋಡೆ ಕಡೆ ಮುಖ ತಿರುಗಿಸಿಕೊಂಡ. ಅದನ್ನು ಯಾರು ವಾಪಸ್ ಕೊಡುತ್ತಾರೆ?

ಇನ್ನೊಂದು. ನಿನ್ನ ಅಂಗಿಯನ್ನು ನಾನು ಒಗೆಸಿ ಮಡಿಚಿ ತಂದುಕೊಟ್ಟೆ. ನೀನು ಹಾಕಿಕೊಂಡು ಹೋದ ನನ್ನ ಅಂಗಿ ಎಲ್ಲಿ? ನನಗಿದ್ದದ್ದು ಎರಡೇ. ಒಂದನ್ನು ಹಾಕಿಕೊಂಡು, ಕಳ್ಳ ಅನ್ನಿಸಿಕೊಂಡು ಆ ಎಂಟು ದಿನ ಕಳೆದೆ. ಈಗ ಹೇಳು, ಯಾರು ಯಾರದ್ದು ಕದ್ದವರು?

ಇದನ್ನು ಬರೆದ ಮೇಲೆ ನಗು ಬಂತು. ನಗು ಬಂದ ಮೇಲೆ ಸಿಟ್ಟು ಹಿಡಿದುಕೊಳ್ಳುವುದು ಕಷ್ಟ.

ಕಾಗದವನ್ನು ಗೊಲ್ಲಪ್ಪನಿಗೆ ಓದಿಸಿದೆ. "ಕಾಗದಕ್ಕೆ ಬಾಯಿ ಐತೇನು? ಬರೆದೋನು ಬಂದು ಹೇಳ್ಲಿ" ಎಂದ. ಏಪ್ರಿಲ್ ಹದಿನೈದು, ಸೋಮವಾರ, ಬೆಳಿಗ್ಗೆ ಹತ್ತಕ್ಕೆ. ಮಾತು ಕೊಟ್ಟು ಬಾರದೆ ಇದ್ದರೆ ಮಾತ್ರ ನಾನೇ ಹೊಳಲ್ಕೆರೆಗೆ ಬಂದು, ನಿನ್ನ ಅಂಗಡಿ ಮುಂದೆ ಇನ್ನೂರು ಕುರಿ ನಿಲ್ಲಿಸುತ್ತೇನೆ.

ಬಸಮ್ಮನಿಗೆ ನನ್ನ ನಮಸ್ಕಾರ ಹೇಳು. ಆ ತಾಯಿಯಿಂದಾಗಿ ಓದಿದೆ.

ಬೀರ


ಹೊಳಲ್ಕೆರೆ
19 ಏಪ್ರಿಲ್ 2024

ಬೀರ,

ನಾಲ್ಕು ದಿನದಿಂದ ಹೊಟ್ಟೆ ತುಂಬಾ ಊಟ, ಕಣ್ಣು ತುಂಬಾ ನಿದ್ದೆ. ಬಸಮ್ಮ, "ಇದೇನು ಮದುವೆ ಆದ ಹೊಸದರಲ್ಲಿದ್ದ ಥರ ತಿಂತೀರಿ" ಅನ್ನುತ್ತಾಳೆ.

ನಿನಗೆ ಹೇಳದ ಒಂದು ವಿಷಯವಿದೆ. ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಂದವನು ನಿಮ್ಮ ಕಡೆಯ ಬಸ್ಸು ಬಿಟ್ಟು ಹೊಸದುರ್ಗದ ಬಸ್ಸು ಹತ್ತಿ ಕೂತಿದ್ದೆ. ಕಂಡಕ್ಟರು ಬಂದು, "ಹೊಸದುರ್ಗದಾಗೆ ಎಲ್ಲಿ ಇಳೀತೀರಿ ಯಜಮಾನ್ರೇ?" ಎಂದ. ಹೊಸದುರ್ಗದಲ್ಲಿ ನನಗೆ ಯಾರಿದ್ದಾರೆ? ಯಾರೂ ಇಲ್ಲ. ಇಳಿದೆ. ಹಾಗಾಗಿ ಅರ್ಧ ಗಂಟೆ ತಡ. ಬಸ್ಸು ಕೆಟ್ಟಿತ್ತು ಎಂದು ನಿನಗೆ ಹೇಳಿದ್ದು ಸುಳ್ಳು. ಇನ್ನು ನಿನ್ನ ಹತ್ತಿರ ಸಣ್ಣ ಸುಳ್ಳೂ ಬೇಡ ಎಂದು ಬರೆಯುತ್ತಿದ್ದೇನೆ.

ಅಷ್ಟು ಜನರ ಮುಂದೆ ಹೇಳಿ ಮುಗಿಸಿದ ಮೇಲೆ ಎಲ್ಲರೂ ನನ್ನನ್ನೇ ದಿಟ್ಟಿಸಿದರು ನೋಡು, ಆ ಹೊತ್ತು ನನಗೆ ತಾತನ ಬೆತ್ತವೇ ವಾಸಿ ಅನಿಸಿತು. ಆಗ ಆ ಚಿತ್ತಪ್ಪ ಎಂಬ ಹಿರಿಯರು ತಕರಾರು ತೆಗೆದರಲ್ಲ, "ಕದ್ದಿಲ್ಲ ಸರಿ. ಆದ್ರೆ ಮನೆಯಾಗೂ ಇಲ್ಲ ಅಂತ ಆಣೆ ಮಾಡಿದ್ದ. ಮನೆಯಾಗೇ ಇತ್ತಲ್ಲ?" ಎಂದು. ಇಷ್ಟು ದೂರ ಬಂದು ಇಲ್ಲಿ ಮುಗ್ಗರಿಸಿತಲ್ಲ ಅಂದುಕೊಂಡೆ. ನಿನ್ನ ಮುಖ ನೋಡಲಿಲ್ಲ.

ನಿಂಗಕ್ಕ ಆಡಿದ ಮಾತನ್ನು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದೇನೆ. "ಮನೆನಾಗೆ ಎಲ್ಲಿತ್ರೋ? ಪೆಟ್ಟಿಗೆನಾಗಿತ್ತು. ಪೆಟ್ಟಿಗೆ ನನ್ನ ಮಗಂದೊಂದೇ ಏನು? ನಿಮ್ಮ ಹನ್ನೊಂದು ಮನೇದು. ಹಂಗಾರೆ ಹನ್ನೊಂದು ಮನೆಯೋರೂ ಕಳ್ಳರು, ಎಲ್ಲಾರೂ ಹೊರಗೆ ನಡೀರಿ!" ಚಿತ್ತಪ್ಪನವರೇ ಮೊದಲು ನಕ್ಕರು. ಗೊಲ್ಲಪ್ಪ ನಗಲಿಲ್ಲ. ಎದ್ದು ಬಂದು ನಿನ್ನ ಕೈ ಹಿಡಿದುಕೊಂಡು, "ನಮ್ಮಪ್ಪನ ಪರವಾಗಿ ನಾನು ಕೇಳ್ಕಂತೀನಿ, ತಪ್ಪಾತು ಅಣ್ಣ" ಅಂದ. ನಾನು ಬಾಗಿಲ ಆಚೆ ಹೋಗಿ ಮೂಗು ಒರೆಸಿಕೊಂಡೆ.

ನನಗೆ ಐದು ಸೇರು ಅರಿಶಿನ ತಪ್ಪುದಂಡ ಹಾಕಿದರಲ್ಲ, ಅದು ಬಹಳ ಕಡಿಮೆಯಾಯಿತು. ಹತ್ತು ಸೇರು ಕಳಿಸಿದ್ದೇನೆ, ಟೆಂಪೋದವನು ತರುತ್ತಾನೆ. ನಮ್ಮ ಅಂಗಡಿಯಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ.

ನೀನು ನೀರು ತರಲು ಒಳಗೆ ಹೋದಾಗ ನಿಂಗಕ್ಕ ನನ್ನನ್ನು ಹತ್ತಿರ ಕರೆದು ಕೆನ್ನೆ ಸವರಿದರು. "ಕುಂಟೆಗೆ ಬಿದ್ದ ಹುಡುಗ ನೀನೇ ಏನಪ್ಪ? ಆಮೇಲೆ ಬರ್ಲೇ ಇಲ್ಲ. ಸಿಟ್ಟಾಗಿದ್ಯಾ?" ಎಂದರು. ನಾನು ಸಿಟ್ಟಾಗಿದ್ದೆನಂತೆ! ಇಲ್ಲವ್ವ, ಹೆದರಿದ್ದೆ ಎಂದೆ. "ನಮ್ಮ ಮನೆಗೆ ಬರಾಕೆ ಏನು ಹೆದರಿಕೆ? ಕುಂತ್ಕ, ಜಯಕ್ಕ ರೊಟ್ಟಿ ಬಡೀತಾಳೆ" ಎಂದರು.

ಚೀಟಿ ವಾಪಸ್ ಕೇಳಬೇಕು ಎಂದು ಒಳಗಿನ ಕಿರಾಣಿಯವನು ಒಂದು ಸಲ ಎದ್ದಿದ್ದ, ಕೇಳಿಯೂ ಬಿಟ್ಟ. "ಪೆಟ್ಟಿಗೆಗೆ ಬಂದದ್ದು ಹೊರಗೆ ಹೋಗಲ್ರಿ ಸಾವ್ಕಾರ್ರೆ" ಎಂದ ಗೊಲ್ಲಪ್ಪ. ನನಗೆ ನಿರಾಸೆಯಾಗಬೇಕಿತ್ತು. ಹಾಯಾಯಿತು. ನಿಮ್ಮ ಮನೆಗೆ ಕೊಡಬೇಕೆಂದು ತಂದದ್ದು, ನಿಮ್ಮ ಮನೆಯಲ್ಲೇ ಇದೆ. ನಾನೇ ನನ್ನ ಕೈಯಾರೆ ಕೊಟ್ಟಿದ್ದರೆ ಇಷ್ಟು ಜೋಪಾನವಾಗಿ ಇರುತ್ತಿತ್ತೇ? ಅರಿಶಿನ ಮೆತ್ತಿದ್ದು ಬಿಟ್ಟರೆ, ಯಾವ ಆಲ್ಬಮ್ಮಿನಲ್ಲೂ ಇಷ್ಟು ಚೆನ್ನಾಗಿ ಉಳಿದ ಚೀಟಿಯನ್ನು ನಾನು ನೋಡಿಲ್ಲ. ನಿನ್ನೆ ಆಲ್ಬಮ್ಮಿನ ಖಾಲಿ ಮನೆಯಲ್ಲಿ ಪೆನ್ಸಿಲಿನಿಂದ ಬರೆದೆ: "ನಂ. 7. ಹಿರೇಗುಂಟನೂರಿನಲ್ಲಿ ಇದ್ದಾರೆ."

ಈ ಲಕೋಟೆಯೊಳಗೆ, ಎರಡು ರಟ್ಟಿನ ನಡುವೆ, ಮಂಜುನಾಥ ತಂದ ಚೀಟಿ ಇದೆ. ಇದು ಪೆಟ್ಟಿಗೆಗೆ ಅಲ್ಲ, ಹನ್ನೊಂದು ಮನೆಗೂ ಅಲ್ಲ. ನಿನಗೆ. ಈ ಸಲ ಕೈ ಬಂತು ಕಣೋ.

ಜೊತೆಗೆ ಅರಿಶಿನದ ಮೂಟೆಯ ಮೇಲೆ ಒಂದು ಬಿಳಿ ಅಂಗಿ ಇಟ್ಟಿದ್ದೇನೆ. ಅಳತೆ ಬಸಮ್ಮನ ಅಂದಾಜು. ನಿನ್ನ ಹಳೇ ಅಂಗಿ ಏನಾಯಿತು ಎಂದು ದೇವರಾಣೆ ಗೊತ್ತಿಲ್ಲ. ಆಣೆ ಎಂದು ಬರೆದುಬಿಟ್ಟೆ, ಕ್ಷಮಿಸು.

ನಿನ್ನ
ಪಂಚಾಕ್ಷರಿ


ಹಿರೇಗುಂಟನೂರು
4 ಮೇ 2024

ಪಂಚಾಕ್ಷರಿ,

ಅರಿಶಿನ ಬಂತು. ಊರೆಲ್ಲ ಹಳದಿಯಾಗಿದೆ. ಮೊನ್ನೆ ಸೋಮವಾರ ಹನ್ನೊಂದು ಮನೆಯವರೂ ಕೂತು ಪೆಟ್ಟಿಗೆ ಮುಚ್ಚಿದೆವು. ಬೀಗ ಹಾಕುವ ಮೊದಲು ನಿನ್ನ ಅಜ್ಜಯ್ಯನ ಮುಖ ಒಂದು ಸಲ ನೋಡಿದೆ. ಇನ್ನು ಐದು ವರ್ಷಕ್ಕೊಮ್ಮೆ ತಪ್ಪದೆ ತೆಗೆಯುವುದು ಎಂದು ತೀರ್ಮಾನವಾಗಿದೆ. ಆವತ್ತು ಚೀಟಿಯ ಮೂಲೆ ಪರೀಕ್ಷೆ ಮಾಡಲು ನಿನಗೆ ಹೇಳಿ ಕಳಿಸಬೇಕು ಎಂದು ಗೊಲ್ಲಪ್ಪನೇ ಹೇಳಿದ್ದಾನೆ. ಆರೋಗ್ಯ ನೋಡಿಕೋ, ಅರವತ್ತೆಂಟಕ್ಕೆ ಬರಬೇಕು.

ಬಸ್ಸು ಕೆಟ್ಟಿರಲಿಲ್ಲ ಎಂದು ನನಗೆ ಆವತ್ತೇ ಗೊತ್ತಿತ್ತು. ನೀನು ಬರಬೇಕಿದ್ದ ಬಸ್ಸಿನಲ್ಲೇ ನಮ್ಮೂರವರು ನಾಲ್ಕು ಜನ ಬಂದಿಳಿದಿದ್ದರು. ನೀನು ಇಳಿಯಲಿಲ್ಲ. ಆ ಅರ್ಧ ಗಂಟೆ ನನಗೆ ಹೇಗಿತ್ತು ಎಂದು ಬರೆಯುವುದಿಲ್ಲ. ಬಂದೆಯಲ್ಲ, ಸಾಕು.

ಅಂಗಿ ಭುಜದ ಹತ್ತಿರ ಸ್ವಲ್ಪ ಸಡಿಲ. ಬಸಮ್ಮನಿಗೆ ಹೇಳಬೇಡ. ಈ ಕಾಗದ ಬರೆಯುವಾಗ ಅದನ್ನೇ ಹಾಕಿದ್ದೇನೆ, ಜೇಬಿನಲ್ಲಿ ನೀನು ಕಳಿಸಿದ ಗೆಲಿಲಿಯೋ. ಈ ವಾರದಲ್ಲಿ ಹತ್ತು ಸಲ ತೆಗೆದು ನೋಡಿರಬೇಕು. ಹಿಂದಿನ ಇಂಗ್ಲಿಷಿನಲ್ಲಿ ಒಂದು ಪದ ಇಷ್ಟು ವರ್ಷ ತಪ್ಪು ಹೇಳುತ್ತಿದ್ದೆ.

ನಿನ್ನೆ ಅವ್ವನಿಗೆ ತೋರಿಸಿದೆ. ಕಣ್ಣ ಹತ್ತಿರ ಹಿಡಿದು ನೋಡಿದಳು. "ಅಜ್ಜಯ್ಯ ಪೆಟ್ಟಿಗೆನಾಗೆ ಅವ್ನಲ್ಲ, ಬೀಗ ಹಾಕಿದ್ರಲ್ಲ. ಇವ್ನು ಯಾರು?" ಎಂದಳು.

"ನಮ್ಮ ಪಂಚಾಕ್ಷರಿ ಕೊಟ್ಟಿದ್ದು ಕಣವ್ವ, ನನಗೆ" ಎಂದೆ.

"ಕೊಟ್ನಾ? ಅವ್ನೇ ಕೈಯಾರೆ ಕೊಟ್ನಾ?"

"ಹೂಂ. ಅವನೇ ಕೊಟ್ಟ."

ಅವ್ವ ಚೀಟಿಯನ್ನು ಕಣ್ಣಿಗೊತ್ತಿಕೊಂಡು, ನನ್ನ ಜೇಬಿಗೆ ತಾನೇ ಹಾಕಿದಳು. ಆಮೇಲೆ ಜೇಬಿನ ಮೇಲೆ ಎರಡು ಸಲ ತಟ್ಟಿ ಹೇಳಿದಳು: "ಒಗೆಯಾಕೆ ಹಾಕುವಾಗ ತೆಗೆದಿಟ್ಕ. ಇನ್ನೊಂದು ಸಲ ನಾನು ನೋಡ್ಕಂತೀನಿ ಅಂತ ಕೂರಬ್ಯಾಡ."

ಮುಂದಿನ ವಾರ ಹಿಂಡಿ ತರಲು ಟೆಂಪೋದವನ ಜೊತೆ ನಾನೇ ಬರುತ್ತೇನೆ. ಆಲ್ಬಂ ತೆಗೆದಿಡು. ಕೈ ತೊಳೆದುಕೊಂಡೇ ಮುಟ್ಟುತ್ತೇನೆ.

ನಿನ್ನ
ಬೀರ